ಕಾದದ್ದು ಒಂದು ಕಲ್ಲಿಗೆ, ಬಂದದ್ದು ಇನ್ನೊಂದು

ಟಿವಿಯ ವಿಜ್ಞಾನ ಕಾರ್ಯಕ್ರಮಗಳಲ್ಲಿ ಉಲ್ಕೆ ಬೀಳುವ ದೃಶ್ಯ ಹೆಚ್ಚುಕಡಿಮೆ ಒಂದೇ ಥರ. ಧಗಧಗ ಉರಿಯುವ ಬಂಡೆ ನೆಲಕ್ಕೆ ಅಪ್ಪಳಿಸುತ್ತದೆ, ಬೆಳಕೂ ಸದ್ದೂ ಒಟ್ಟಿಗೇ, ಹಿನ್ನೆಲೆಯಲ್ಲಿ ನಗಾರಿ. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಆಕಾಶದಲ್ಲಿ ನಡೆದದ್ದೇ ಬೇರೆ.

ಅಂದು ಟಿವಿಯವರು ಕಾಯುತ್ತಿದ್ದುದು 2012 ಡಿಎ14 ಎಂಬ ಕ್ಷುದ್ರಗ್ರಹಕ್ಕೆ. ಅದು ಭೂಮಿಯಿಂದ ಸುಮಾರು 27,700 ಕಿ.ಮೀ. ದೂರದಲ್ಲಿ ಹಾದುಹೋಗುವುದು ಮೊದಲೇ ಗೊತ್ತಿತ್ತು. ಅದಕ್ಕೆ ಹದಿನಾರು ಗಂಟೆ ಮುಂಚೆ, ಯಾವ ಸಂಬಂಧವೂ ಇಲ್ಲದ ಇನ್ನೊಂದು ಕಲ್ಲು ಬೇರೆ ದಿಕ್ಕಿನಿಂದ ಹೇಳದೆ ಕೇಳದೆ ಬಂತು. ಅದನ್ನು ಹಿಡಿದದ್ದು ಅಪಘಾತದ ಜಗಳಕ್ಕೆ ಸಾಕ್ಷಿಯಿರಲೆಂದು ರಷ್ಯನ್ನರು ಕಾರಿನಲ್ಲಿಟ್ಟುಕೊಳ್ಳುವ ಪುಟ್ಟ ಕ್ಯಾಮೆರಾಗಳು!

ಕಲ್ಲಿನ ಅಡ್ಡಳತೆ ಸುಮಾರು 20 ಮೀಟರ್, ವೇಗ ಸೆಕೆಂಡಿಗೆ 19 ಕಿ.ಮೀ. ಇಷ್ಟು ವೇಗಕ್ಕೆ ಎದುರಿನ ಗಾಳಿಗೆ ಸರಿಯಲು ಪುರುಸೊತ್ತಿಲ್ಲ. ಆ ಗಾಳಿ ಅದುಮಿಸಿಕೊಂಡು ಕಾದು ಬೆಳಗುತ್ತದೆ. ಟಿವಿ ಹೇಳುವ ‘ಘರ್ಷಣೆ’ಯ ಪಾಲು ಇಲ್ಲಿ ಕಡಿಮೆ. ನೆಲದಿಂದ ಸುಮಾರು 30 ಕಿ.ಮೀ. ಎತ್ತರದಲ್ಲಿ ಕಲ್ಲು ಒಡೆದು ಚೂರಾಯಿತು. ಬೆಳಕು ತಕ್ಷಣ ಬಂತು. ಸದ್ದು ಬರಲಿಲ್ಲ. ಒಂದು ಕಿಲೋಮೀಟರ್ ದಾಟಲು ಅದಕ್ಕೆ ಮೂರು ಸೆಕೆಂಡು ಬೇಕು, ಕಲ್ಲು ಒಡೆದದ್ದೂ ನಗರದ ನೆತ್ತಿಯ ಮೇಲಲ್ಲ, ಓರೆಯಾಗಿ ದೂರದಲ್ಲಿ. ಹಾಗಾಗಿ ನಗರಕ್ಕೆ ತಲುಪಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಏನದು ಮಿಂಚಿದ್ದೆಂದು ನೋಡಲು ಜನ ಕಿಟಕಿಗೆ ಬಂದು ನಿಂತಿದ್ದರು. ಗಾಯಗೊಂಡು ಆಸ್ಪತ್ರೆಗೆ ಹೋದ ಸುಮಾರು 1,500 ಮಂದಿಯಲ್ಲಿ ಬಹುಪಾಲು ಜನರನ್ನು ಕುಯ್ದದ್ದು ಕಿಟಕಿಯ ಗಾಜು.

ಆ ವಿಡಿಯೊಗಳು ಮಾರ್ಚ್‌ನಲ್ಲೇ ಅಮೆರಿಕದ ಪಿಬಿಎಸ್ ವಾಹಿನಿಯ ‘ನೋವಾ’ ಸರಣಿಯ ಕಾರ್ಯಕ್ರಮವಾದವು. ವಿಜ್ಞಾನಿಗಳಿಗಂತೂ ಅವು ಸುಗ್ಗಿ. ಕೊಲಂಬಿಯಾದ ಇಬ್ಬರು ಖಗೋಳವಿಜ್ಞಾನಿಗಳು ನಗರದ ಚೌಕದಲ್ಲಿ ದೀಪದ ಕಂಬಗಳ ನೆರಳು ಸರಿದ ರೀತಿಯನ್ನು ಅಳೆದೇ ಕಲ್ಲು ಬಂದ ದಾರಿಯನ್ನು ಅಂದಾಜು ಮಾಡಿದರು.

ಇನ್ನು ನೆಲ ಮುಟ್ಟಿದ ಚೂರುಗಳು. ಅವು ಉರಿಯುತ್ತ ಬೀಳಲಿಲ್ಲ. ಇಂಥ ಕಲ್ಲುಗಳ ವೇಗ ಆಕಾಶದಲ್ಲೇ ಕುಗ್ಗಿ, ನೆಲ ಇನ್ನೂ ಹಲವು ಕಿಲೋಮೀಟರ್ ಕೆಳಗಿರುವಾಗಲೇ ಬೆಳಕು ಆರುತ್ತದೆ. ಉಳಿದ ದಾರಿಯಲ್ಲಿ ಅವು ಮಾಮೂಲಿ ಕಲ್ಲಿನಂತೆ ಬೀಳುತ್ತವೆ. ಕರಗಿದ ಗುರುತೆಂದರೆ ಮೇಲಿನ ತೆಳು ಕಪ್ಪು ಪದರ ಮಾತ್ರ. ಹಿಮದಲ್ಲಿ ಕಂಡ ಪುಟ್ಟ ತೂತುಗಳನ್ನು ಕೆದಕಿ ಜನ ಅವನ್ನು ಆಯ್ದರು.

ದೊಡ್ಡ ತುಂಡು ಚೆಬಾರ್ಕುಲ್ ಸರೋವರದ ಮಂಜುಗಡ್ಡೆಯನ್ನು ತೂತು ಮಾಡಿ ತಳ ಸೇರಿತ್ತು. ಅಕ್ಟೋಬರ್‌ನಲ್ಲಿ ಮುಳುಗುಗಾರರು ಅದನ್ನು ಎತ್ತಿದ್ದು ಟಿವಿಯಲ್ಲಿ ನೇರಪ್ರಸಾರವಾಯಿತು. ಈ ಸಲವಾದರೂ ಎಲ್ಲ ಸಜ್ಜಾಗಿತ್ತು. ಆದರೆ ತೂಗುವಾಗ ಕಲ್ಲು ಮೂರು ಹೋಳಾಯಿತು. ತಕ್ಕಡಿ 570 ಕಿಲೊ ತೋರಿಸಿ ಅದೂ ಮುರಿದುಹೋಯಿತು.