ಹೆಸರಿನ ಸಂಕೋಚ: ಪುಣೆಯ ನೆಲೆಯಿಂದ ಜಾತಿಸೂಚಕ ಪದಗಳ ವಿಚಾರ

ಕರ್ನಾಟಕದ ಹೊರಗಿದ್ದು ಕನ್ನಡ ಪಠ್ಯಗಳನ್ನು ಅನುವಾದಿಸುವ, ಅಧ್ಯಯನ ಮಾಡುವ ಸಂಶೋಧಕರಿಗೆ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ. ಮೂಲದಲ್ಲಿ 'ಹೊಲೆಯ', 'ಮಾದಿಗ' ಎಂಬ ಪದಗಳು ಬಂದಾಗ ಅವನ್ನು ಹಾಗೆಯೇ ಉಳಿಸಬೇಕೆ, ಸಭ್ಯವೆನಿಸುವ ಬೇರೊಂದು ಪದವನ್ನು ಇಡಬೇಕೆ? ಪಾಶ್ಚಾತ್ಯ ದೇಶಗಳಲ್ಲಿ ವರ್ಣಭೇದದ ಮಾತಿಗೆ ಅಂಟಿಕೊಂಡಿರುವ ಸಂಕೋಚವೇ ನಮ್ಮಲ್ಲಿ ಜಾತಿಯ ಮಾತಿಗೂ ಅಂಟಿಕೊಂಡಿದೆ. ಇದರ ಚರಿತ್ರೆಯನ್ನು ಪುಣೆಯ ನೆಲೆಯಿಂದ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

ಬೆಂಗಳೂರಿನ 'ದಂಡು' ಪ್ರದೇಶಕ್ಕೆ ಸಮನಾದುದು ಪುಣೆಯ ಕ್ಯಾಂಪ್. ಮರಾಠಿಯಲ್ಲಿ ಅದು 'ಲಷ್ಕರ್'. ಪೇಶ್ವೆಯರ ಆಳ್ವಿಕೆ ಮುಗಿದ ಕಾಲದಲ್ಲಿ ಹಳೆಯ ಪೇಟೆಗಳ ಹೊರಗೆ ಅದು ಬೆಳೆಯಿತು. ಊರಿನ ಬಿಟ್ಟಿ ಚಾಕರಿಗೆ ಒಳಗಾಗಿದ್ದ ಮಹಾರರಿಗೆ ಸೈನ್ಯ ಹಾಗೂ ದಂಡಿನ ಉದ್ಯೋಗಗಳು ಹೊಸ ದಾರಿಯನ್ನು ತೆರೆದವು. ೧೮೯೦ರ ದಶಕದ ಆದಿಯಲ್ಲಿ ಬ್ರಿಟಿಷರು 'ಯೋಧ ಜನಾಂಗ'ಗಳ ಸಿದ್ಧಾಂತವನ್ನು ಮುಂದೊಡ್ಡಿ ಅವರ ನೇಮಕಾತಿಯನ್ನು ನಿಲ್ಲಿಸಿದರು. ಪುಣೆಯ ಶಿವರಾಮ ಜಾನಬಾ ಕಾಂಬಳೆಯವರು ೧೯೧೦ರಲ್ಲಿ ಇದರ ವಿರುದ್ಧ ಸಲ್ಲಿಸಿದ ಮನವಿ ದಖ್ಖನಿನ ಮಹಾರರ ಹೆಸರಿನಲ್ಲಿಯೇ ಇದ್ದಿತು. ಮುಂದೆ ೧೯೪೧ರಲ್ಲಿ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ರೂಪುಗೊಂಡಿತು. ಹೀನಾಯವೆಂದು ಎಣಿಸಲಾಗಿದ್ದ ಹೆಸರನ್ನು ಆ ಸಮುದಾಯ ಮರೆಮಾಚಲಿಲ್ಲ. ಹಕ್ಕಿನ ಮಾತಿಗೆ ಅದನ್ನೇ ಆಧಾರವಾಗಿಸಿತು.

ಇದಕ್ಕೆ ವಿರುದ್ಧವಾದ ಪ್ರವೃತ್ತಿಯೂ ಪುಣೆಗೆ ಸಂಬಂಧಿಸಿದುದೇ. ಯರವಡಾ ಸೆರೆಮನೆಯಲ್ಲಿ ೧೯೩೨ರ ಸೆಪ್ಟೆಂಬರ್ ೨೪ರಂದು ಪೂನಾ ಒಪ್ಪಂದವಾಯಿತು. ೧೯೩೩ರ ಫೆಬ್ರವರಿಯಲ್ಲಿ ಗಾಂಧೀಜಿಯವರ 'ಹರಿಜನ' ವಾರಪತ್ರಿಕೆ ಇದೇ ನಗರದಿಂದ ಹೊರಟಿತು. ಅವರ ಆಶಯ ಗೌರವದ್ದೇ ಆಗಿತ್ತು. ಆದರೆ ೧೯೩೮ರ ಜನವರಿಯಲ್ಲಿ ಮುಂಬಯಿ ಶಾಸನಸಭೆಯ ಮಸೂದೆಯೊಂದರಲ್ಲಿ ಆ ಪದವನ್ನು ಸೇರಿಸಿದಾಗ ಡಾ. ಅಂಬೇಡ್ಕರ್ ಮತ್ತು ಅವರ ಪಕ್ಷದವರು ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ಧಾರವಾಡ, ಬಿಜಾಪುರ, ಬೆಳಗಾವಿಗಳೂ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. ಹೆಸರಿಡುವ ಅಧಿಕಾರ ಯಾರದು ಎಂಬುದೇ ಅಲ್ಲಿನ ಪ್ರಶ್ನೆ.

ಕನ್ನಡ ನಾಡಿನಲ್ಲಿ ಹೊಲಗೇರಿಗಳು 'ಹರಿಜನಕೇರಿ'ಗಳಾದವು. ಕೇರಿ ಮಾತ್ರ ಊರಾಚೆಯೇ ಉಳಿಯಿತು. ಸಿದ್ಧಲಿಂಗಯ್ಯನವರು ೧೯೭೫ರಲ್ಲಿ ತಮ್ಮ ಸಂಕಲನವನ್ನು 'ಹೊಲೆಮಾದಿಗರ ಹಾಡು' ಎಂದು ಕರೆದದ್ದು ಈ ಮುಸುಕನ್ನು ಸರಿಸಿದ ಕ್ರಿಯೆ. ಅದೇ ಶೀರ್ಷಿಕೆಯನ್ನು 'ಹರಿಜನರ ಹಾಡು' ಎಂದು ಅನುವಾದಿಸಿದರೆ ಕೃತಿಯ ವಾದವೇ ಅಳಿಸಿಹೋಗುತ್ತದೆ. ಮಹಾರಾಷ್ಟ್ರ ಸರ್ಕಾರ ೨೦೨೦ರ ಡಿಸೆಂಬರಿನಲ್ಲಿ ಜಾತಿಯ ಹೆಸರುಳ್ಳ ವಸತಿಗಳಿಗೆ ಸಮತಾನಗರ, ಭೀಮನಗರ ಮೊದಲಾದ ಹೆಸರುಗಳನ್ನು ಇಡಲು ನಿರ್ಧರಿಸಿತು. ಅವಮಾನದ ಫಲಕವನ್ನು ತೆಗೆಯುವುದು ನ್ಯಾಯವೇ. ಆದರೆ ಅಲ್ಲಿ ಯಾರು, ಏಕೆ ಬೇರೆಯಾಗಿ ವಾಸಿಸುತ್ತಾರೆ ಎಂಬ ಪ್ರಶ್ನೆ ಫಲಕದೊಡನೆ ಮರೆಯಾಗಬಾರದು.

ಈ ಪದಗಳು ನೋಯಿಸುತ್ತವೆ ಎಂಬ ಆಕ್ಷೇಪ ನಿರ್ಲಕ್ಷಿಸುವಂಥದಲ್ಲ. ಸಾರ್ವಜನಿಕವಾಗಿ ಜಾತಿ ಹಿಡಿದು ನಿಂದಿಸುವುದು ೧೯೮೯ರ ದೌರ್ಜನ್ಯ ತಡೆ ಕಾಯಿದೆಯನ್ವಯ ಅಪರಾಧ. ಪ್ರಾಮಾಣಿಕತೆಯ ನೆಪದಲ್ಲಿ ನಿಂದೆಗೆ ಅವಕಾಶವಿರಕೂಡದು. ಆದುದರಿಂದ ಎರಡು ಸೂಚನೆಗಳನ್ನು ಮಂಡಿಸುತ್ತೇವೆ. ಮೂಲಪಠ್ಯದ ಪದವನ್ನು ಬದಲಿಸದೆ, ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆಂಬುದನ್ನು ವಿವರಿಸಬೇಕು. ಸಂಶೋಧಕರು ತಮ್ಮ ಮಾತಿನಲ್ಲಿ ಆ ಸಮುದಾಯ ತನಗಾಗಿ ಒಪ್ಪಿಕೊಂಡಿರುವ ಹೆಸರನ್ನು ಬಳಸಬೇಕು. ಪದವನ್ನು ನಯಗೊಳಿಸಿದ ಅನುವಾದ ಓದುಗನ ಮುಜುಗರವನ್ನು ತಪ್ಪಿಸೀತು. ಆ ಪದವನ್ನು ಹೊತ್ತು ಬದುಕಿದವರ ಸಾಕ್ಷ್ಯವನ್ನೂ ಅದು ಇಲ್ಲವಾಗಿಸುತ್ತದೆ.