ಅಂಗಿಯ ಮೇಲೆ ಹೆಸರಿಲ್ಲದ ಸೆಪ್ಟೆಂಬರ್

2025ರ ಸೆಪ್ಟೆಂಬರ್ ತಿಂಗಳಲ್ಲಿ ದುಬೈ ಮತ್ತು ಅಬುಧಾಬಿಗಳಲ್ಲಿ ಏಷ್ಯಾ ಕಪ್ ಕ್ರಿಕೆಟ್ ನಡೆದಾಗ ಭಾರತ ತಂಡದ ಆಟಗಾರರ ಎದೆಯ ಮೇಲೆ ದೇಶದ ಹೆಸರಿನ ಹೊರತು ಯಾವ ಪ್ರಾಯೋಜಕರ ಹೆಸರೂ ಇರಲಿಲ್ಲ. ಹಣವನ್ನೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಅದೇ ವರ್ಷದ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. 2023ರಲ್ಲಿ ಮೂರು ವರ್ಷಗಳಿಗೆ 358 ಕೋಟಿ ರೂಪಾಯಿ ಕೊಡಲು ಒಪ್ಪಿ ಆ ಸ್ಥಳವನ್ನು ಪಡೆದಿದ್ದ ಡ್ರೀಮ್ ಇಲೆವೆನ್ ಸಂಸ್ಥೆ ಅವಧಿಗೆ ಮುನ್ನವೇ ಹಿಂದೆ ಸರಿದಿತ್ತು. ಭಾರತ ತಂಡ ಆ ಬರಿಯ ಅಂಗಿಯಲ್ಲೇ ಆಡಿ, ಸೆಪ್ಟೆಂಬರ್ 28ರಂದು ದುಬೈಯಲ್ಲಿ ಪಾಕಿಸ್ತಾನವನ್ನು ಸೋಲಿಸಿ ಕಪ್ ಗೆದ್ದಿತು.

ಕ್ರೀಡೆಗೂ ಪಂತದ ಹಣಕ್ಕೂ ಇರುವ ನಂಟನ್ನು ಕುರಿತು ಯೋಚಿಸಲು ಈ ಅರಬ್ ನಾಡಿಗಿಂತ ತಕ್ಕ ಸ್ಥಳ ಇನ್ನೊಂದಿರಲಾರದು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಕೇಂದ್ರ ಕಚೇರಿ 2005ರಿಂದ ದುಬೈಯಲ್ಲಿದೆ. ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಅದರ ವಿಭಾಗವೂ ಅದರೊಂದಿಗಿದೆ. ನಮ್ಮ ತಲೆಮಾರಿನವರಿಗೆ ಶಾರ್ಜಾ ಎಂದರೆ 1986ರಲ್ಲಿ ಮಿಯಾಂದಾದ್ ಬಾರಿಸಿದ ಕೊನೆಯ ಎಸೆತದ ಸಿಕ್ಸರ್, 1998ರ ಮರಳುಗಾಳಿಯ ನಡುವೆ ಸಚಿನ್ ಆಡಿದ ಆಟ. ಆದರೆ 2000ದಲ್ಲಿ ಮೋಸದಾಟದ ಹಗರಣ ಹೊರಬಿದ್ದ ಮೇಲೆ, ಮರುವರ್ಷವೇ ಭಾರತ ಸರ್ಕಾರ ತನ್ನ ತಂಡವನ್ನು ಶಾರ್ಜಾಕ್ಕೆ ಕಳುಹಿಸಲು ಒಪ್ಪಲಿಲ್ಲ. ಜನ ತುಂಬಿ ತುಳುಕುತ್ತಿದ್ದ ಆ ಕ್ರೀಡಾಂಗಣ ಬಹುಕಾಲ ಭಾರತದ ಆಟಗಾರರನ್ನು ಕಾಣಲಿಲ್ಲ.

ನಿಷೇಧದ ನಾಡಿನಲ್ಲಿ ತೆರೆದ ಬಾಗಿಲು

ಸಂಯುಕ್ತ ಅರಬ್ ಎಮಿರೇಟ್ಸ್‌ನ ದಂಡ ಸಂಹಿತೆಯಂತೆ ಜೂಜಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 20,000 ದಿರ್ಹಮ್‌ವರೆಗೆ ದಂಡ ವಿಧಿಸಬಹುದು. 1996ರಲ್ಲಿ ಆರಂಭವಾದ ದುಬೈ ವಿಶ್ವಕಪ್ ಕುದುರೆ ಓಟ ಜಗತ್ತಿನ ಅತ್ಯಂತ ಸಿರಿವಂತ ಓಟಗಳಲ್ಲೊಂದು. ಆದರೂ ಅಲ್ಲಿ ಪಂತದ ಕಿಟಕಿಗಳಿಲ್ಲ. ಗೆಲ್ಲುವ ಕುದುರೆಗಳನ್ನು ಊಹಿಸುವ ಉಚಿತ ಸ್ಪರ್ಧೆಯಷ್ಟೇ ಇದೆ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯನ್ನು ಬಲ್ಲ ನಮಗೆ ಇದು ಅಚ್ಚರಿಯ ಸಂಗತಿ. ಬಾಜಿಯಿಲ್ಲದೆಯೂ ಕುದುರೆಗಳು ಓಡುತ್ತವೆ, ಜನ ನೋಡಲು ಬರುತ್ತಾರೆ!

ಈ ಚಿತ್ರ ಈಗ ಮೆಲ್ಲನೆ ಬದಲಾಗುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ ವಾಣಿಜ್ಯ ಜೂಜನ್ನು ನಿಯಂತ್ರಿಸುವ ಪ್ರಾಧಿಕಾರವೊಂದನ್ನು ಇಲ್ಲಿನ ಸರ್ಕಾರ ಸ್ಥಾಪಿಸಿತು. 2024ರ ಡಿಸೆಂಬರ್‌ನಲ್ಲಿ ಪರವಾನಗಿ ಪಡೆದ ಲಾಟರಿಯ ಮೊದಲ ಡ್ರಾ ನಡೆಯಿತು; ಆಗ ಅದರ ದೊಡ್ಡ ಬಹುಮಾನ ಹತ್ತು ಕೋಟಿ ದಿರ್ಹಮ್ ಆಗಿತ್ತು. ರಾಸ್ ಅಲ್ ಖೈಮಾದಲ್ಲಿ ಕಡಲ ನಡುವಿನ ಕೃತಕ ದ್ವೀಪದ ಮೇಲೆ ವಿನ್ ಸಂಸ್ಥೆಯ ಕ್ಯಾಸಿನೊ ಏಳುತ್ತಿದೆ. ಪ್ರಾಧಿಕಾರದ ನಿಯಂತ್ರಣಕ್ಕೆ ಒಳಪಡುವ ಆಟಗಳ ಪಟ್ಟಿಯಲ್ಲಿ ಕ್ರೀಡಾ ಪಂತವೂ ಸೇರಿದೆ. ಪರವಾನಗಿ ಇಲ್ಲದವರ ಬಳಿ ಆಡುವುದು ಮಾತ್ರ, ಆಡಿಸುವವನಿಗೂ ಆಡುವವನಿಗೂ, ಇಂದಿಗೂ ಅಪರಾಧವೇ ಆಗಿದೆ.

ವಿರೋಧಿಗಳು ಪಾಲುದಾರರಾದ ಬಗೆ

ಅಮೆರಿಕದ ಕಥೆಯನ್ನು ಇಲ್ಲಿ ನೆನೆಯಬೇಕು. ಅಲ್ಲಿನ ಬಾಸ್ಕೆಟ್‌ಬಾಲ್, ಫುಟ್‌ಬಾಲ್, ಬೇಸ್‌ಬಾಲ್ ಮತ್ತು ಹಾಕಿ ಲೀಗುಗಳು ನ್ಯೂಜೆರ್ಸಿ ರಾಜ್ಯದ ಕ್ರೀಡಾ ಪಂತವನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲೇರಿದ್ದವು. ಪಂತ ಬಂದರೆ ಆಟದ ಪಾವಿತ್ರ್ಯ ಕೆಡುತ್ತದೆ ಎಂಬುದು ಅವುಗಳ ವಾದ. 2018ರ ಮೇ 14ರಂದು ಸುಪ್ರೀಂ ಕೋರ್ಟ್ ಅವುಗಳ ವಿರುದ್ಧ ತೀರ್ಪು ನೀಡಿ, ಪಂತವನ್ನು ಕಾನೂನುಬದ್ಧಗೊಳಿಸುವ ದಾರಿಯನ್ನು ರಾಜ್ಯಗಳಿಗೆ ತೆರೆಯಿತು. ತೀರ್ಪಿಗೂ ಮೊದಲೇ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎ, ಕಟ್ಟುವ ಪ್ರತಿ ಪಂತದಲ್ಲಿ ಶೇಕಡಾ 1ರಷ್ಟು ಪಾಲನ್ನು ಆಟದ ಪ್ರಾಮಾಣಿಕತೆಯನ್ನು ಕಾಯುವ ಶುಲ್ಕವಾಗಿ ತನಗೆ ಕೊಡಬೇಕೆಂದು ಬೇಡಿಕೆ ಇಟ್ಟಿತ್ತು. ತೀರ್ಪು ಬಂದ ಮೂರು ತಿಂಗಳೊಳಗೆ ಅದು ಎಂಜಿಎಂ ಎಂಬ ಕ್ಯಾಸಿನೊ ಸಂಸ್ಥೆಯೊಂದಿಗೆ ಕೈಜೋಡಿಸಿತು. ಶುಲ್ಕದ ಬೇಡಿಕೆ ಫಲಿಸಲಿಲ್ಲ. ಆದರೆ ಆಟದ ಕ್ಷಣಕ್ಷಣದ ಅಧಿಕೃತ ದತ್ತಾಂಶವನ್ನು ಪಂತದ ಕಂಪನಿಗಳಿಗೆ ಒದಗಿಸುವುದೇ ದೊಡ್ಡ ವರಮಾನವಾಯಿತು. ಆ ದತ್ತಾಂಶವನ್ನು ಮಾರುವ ಕಂಪನಿಗಳಲ್ಲಿ ಲೀಗುಗಳೇ ಷೇರು ಹೊಂದಿವೆ.

ಇದರ ಪರಿಣಾಮವೂ ಕಾಣಿಸಿಕೊಂಡಿತು. 2024ರ ಏಪ್ರಿಲ್‌ನಲ್ಲಿ ಜೋಂಟೇ ಪೋರ್ಟರ್ ಎಂಬ ಆಟಗಾರನನ್ನು ಎನ್‌ಬಿಎ ಆಜೀವ ನಿಷೇಧಿಸಿತು. ತನ್ನ ಆರೋಗ್ಯದ ಗುಟ್ಟನ್ನು ಪಂತ ಕಟ್ಟುವವರಿಗೆ ತಿಳಿಸಿ, ಅವರ ಲಾಭಕ್ಕಾಗಿ ಆಟದ ನಡುವೆಯೇ ಹೊರನಡೆದಿದ್ದ ಎಂಬುದು ಕಾರಣ. ಪ್ರತಿ ಅಕ್ಟೋಬರ್‌ನಲ್ಲಿ ಇದೇ ಲೀಗಿನ ಪಂದ್ಯಗಳನ್ನು ಅಬುಧಾಬಿಯ ಯಾಸ್ ದ್ವೀಪದಲ್ಲಿ ನಮ್ಮ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕಾವಲುಗಾರನೇ ಕಳವಿನ ಮಾಲಿನಲ್ಲಿ ಪಾಲು ಕೇಳಿದರೆ ಹೊಲದ ಗತಿಯೇನು? ಬೇಲಿಯೇ ಎದ್ದು ಹೊಲ ಮೇಯ್ದ ಮಾತು ನಮಗೆ ಹೊಸದಲ್ಲ.

ನಮ್ಮ ಐಪಿಎಲ್ ನೇರವಾಗಿ ಪಂತದ ಹಣವನ್ನು ಮುಟ್ಟಲಿಲ್ಲ. ಕೌಶಲದ ಆಟ ಎಂಬ ಹೆಸರಿನ ಹಿಂಬಾಗಿಲನ್ನು ಆರಿಸಿಕೊಂಡಿತು. ಕೋವಿಡ್ ಕಾರಣದಿಂದ 2020ರ ಇಡೀ ಆವೃತ್ತಿ ದುಬೈ, ಅಬುಧಾಬಿ ಮತ್ತು ಶಾರ್ಜಾಗಳಲ್ಲಿ ನಡೆದಾಗ ಅದರ ಶೀರ್ಷಿಕೆಯ ಹಕ್ಕು 222 ಕೋಟಿ ರೂಪಾಯಿಗೆ ಡ್ರೀಮ್ ಇಲೆವೆನ್ ಪಾಲಾಗಿತ್ತು. ಜೂಜು ಅಪರಾಧವಾಗಿರುವ ನಾಡಿನ ಖಾಲಿ ಕ್ರೀಡಾಂಗಣಗಳಲ್ಲಿ, ಹಣ ಹೂಡಿ ತಂಡ ಕಟ್ಟಿಸುವ ಆ್ಯಪ್ ಒಂದರ ಹೆಸರು ಸುಮಾರು ಎರಡು ತಿಂಗಳು ರಾರಾಜಿಸಿತು. ಅದು ಕೌಶಲವೇ, ಅದೃಷ್ಟವೇ ಎಂಬುದನ್ನು ನ್ಯಾಯಾಲಯಗಳು ವರ್ಷಗಟ್ಟಲೆ ಚರ್ಚಿಸಿವೆ. ಹಣ ಕಳೆದುಕೊಂಡವನಿಗೆ ಆ ಭೇದದಿಂದ ಆಗುವ ಸಮಾಧಾನ ಅಲ್ಪ.

ಕನ್ನಡ ನಾಡಿನ ಲೀಗೂ ಈ ಬೆಂಕಿಯಲ್ಲಿ ಬೆಂದಿದೆ. 2009ರಲ್ಲಿ ಹುಟ್ಟಿದ ಕರ್ನಾಟಕ ಪ್ರೀಮಿಯರ್ ಲೀಗ್ ನಮ್ಮ ಜಿಲ್ಲೆಗಳ ಹುಡುಗರಿಗೆ ಮೆಟ್ಟಿಲಾಗಬೇಕಿತ್ತು. 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಳಗಾವಿ ತಂಡದ ಮಾಲೀಕರನ್ನೂ ಬಳ್ಳಾರಿ ತಂಡದ ನಾಯಕರನ್ನೂ ಬಂಧಿಸಿದರು; ಪಂತದ ಜಾಲಕ್ಕೆ ದುಬೈಯ ಬುಕ್ಕಿಗಳ ನಂಟಿದೆ ಎಂದೂ ಆರೋಪಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್, ಪಂದ್ಯದ ಫಲಿತಾಂಶವನ್ನು ಮೊದಲೇ ನಿಗದಿಪಡಿಸುವುದು ದಂಡ ಸಂಹಿತೆಯ 420ನೇ ಕಲಮಿನ ವಂಚನೆಯಾಗದು, ಅದು ಕ್ರಿಕೆಟ್ ಮಂಡಳಿಯ ಶಿಸ್ತಿಗೆ ಸೇರಿದ ವಿಷಯ ಎಂದು ಹೇಳಿ ಆಟಗಾರರ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. ಆ ಲೀಗು ಆ ಹೆಸರಿನಲ್ಲಿ ಮತ್ತೆ ನಡೆಯಲಿಲ್ಲ.

ವೈದ್ಯನ ಕಣ್ಣಿನಲ್ಲಿ

ಇದನ್ನು ನೀತಿಯ ಪ್ರಶ್ನೆಯೆಂದು ಮಾತ್ರ ನೋಡುವುದು ಸಾಲದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಜೂಜಿನ ಗೀಳನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಸಾಲಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿದೆ. ಪ್ರತಿಫಲ ಯಾವಾಗ ದೊರಕುವುದೆಂದು ತಿಳಿಯದಿರುವಾಗಲೇ ಮಿದುಳಿನ ಡೋಪಮೈನ್ ವ್ಯವಸ್ಥೆ ಹೆಚ್ಚು ಚುರುಕಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್‌ನಂತಹ ಔಷಧಗಳು ಇದಕ್ಕೆ ಸಾಕ್ಷಿ. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಕೆಲವರು ಈ ಔಷಧ ಸೇವಿಸತೊಡಗಿದ ಮೇಲೆ ಜೂಜಿಗೆ ಬಿದ್ದುದೂ, ಔಷಧವನ್ನು ಕಡಿಮೆ ಮಾಡಿದಾಗ ಬಹುಮಂದಿಯ ಗೀಳು ಇಳಿದುದೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಚಟಕ್ಕೆ ಬಿದ್ದವನನ್ನು ಗುಣಹೀನನೆಂದು ಜರೆಯುವ ಮುನ್ನ ಇದನ್ನು ನೆನೆಯುವುದು ಒಳಿತು.

ಹಳೆಯ ಕಾಲದ ಪಂತ ಪಂದ್ಯಕ್ಕೆ ಒಂದೇ ಸಲ. ಈಗ ಲೀಗು ಒದಗಿಸುವ ದತ್ತಾಂಶದ ಬಲದಿಂದ ಪ್ರತಿ ಎಸೆತಕ್ಕೂ ಪಂತ ಕಟ್ಟಬಹುದು. ಇಪ್ಪತ್ತು ಓವರುಗಳ ಎರಡು ಇನಿಂಗ್ಸ್‌ಗಳಲ್ಲಿ 240 ಎಸೆತಗಳು, ಎಂದರೆ 240 ಸಲ ಆಸೆ, 240 ಸಲ ನಿರಾಸೆ. ವ್ಯಸನ ಬೆಳೆಯಲು ಬೇಕಾದ ವೇಗ ಇದೇ.

ನಿದ್ರೆ ಬಾರದು, ಎದೆ ಡವಡವಗುಟ್ಟುತ್ತದೆ, ತಲೆನೋವು ಬಿಡದು ಎಂದು ಬರುವ ಯುವಕರನ್ನು ಇಲ್ಲಿನ ವೈದ್ಯರೆಲ್ಲರೂ ಕಾಣುತ್ತಾರೆ. ಇಸಿಜಿ ಸರಿ, ಥೈರಾಯ್ಡ್ ಸರಿ. ಹಾಗಿದ್ದಾಗ ನಾನು ಕೇಳುವ ಪ್ರಶ್ನೆಗಳು ಎರಡೇ: ಬರಬರುತ್ತಾ ಹೆಚ್ಚು ಹೆಚ್ಚು ಹಣ ಕಟ್ಟಬೇಕೆನ್ನಿಸಿದೆಯೇ? ಎಷ್ಟು ಕಟ್ಟಿದ್ದೀರೆಂಬುದನ್ನು ಮನೆಯವರಿಗೆ ಮುಚ್ಚಿಟ್ಟು ಸುಳ್ಳು ಹೇಳಿದ್ದುಂಟೇ? ಇವು ವೈದ್ಯಲೋಕ ಒಪ್ಪಿಕೊಂಡಿರುವ ಸರಳ ಪರೀಕ್ಷೆ. ಯಾವುದಕ್ಕಾದರೂ ಹೌದೆಂಬ ಉತ್ತರ ಬಂದರೆ ಮುಂದಿನ ವಿಚಾರಣೆ ಅಗತ್ಯ.

ವಲಸಿಗನ ಸಂಕಷ್ಟಕ್ಕೆ ಇನ್ನೂ ಒಂದು ಮುಖವಿದೆ. ಊರಿನಲ್ಲಿ ಕೋಳಿ ಅಂಕದಲ್ಲಿ ಸೋತವನಿಗೆ ಬೈಯಲು ತಂದೆಯಿರುತ್ತಾನೆ, ಎರಡು ದಿನ ಮುನಿದು ಮತ್ತೆ ಅನ್ನ ಬಡಿಸಲು ತಾಯಿಯಿರುತ್ತಾಳೆ. ಇಲ್ಲಿ ಕೊಠಡಿ ಹಂಚಿಕೊಂಡು ಬಾಳುವ ಒಂಟಿ ಯುವಕನಿಗೆ ಸಂಬಳ, ಬ್ಯಾಂಕ್ ಸಾಲ, ವೀಸಾ ಎಲ್ಲವೂ ಒಂದೇ ದಾರದ ಮಣಿಗಳು. ಅಕ್ರಮ ಆ್ಯಪ್‌ನಲ್ಲಿ ಗೆದ್ದರೂ ಆತ ಅಪರಾಧಿ. ಮೋಸಹೋದರೂ ಪೊಲೀಸರ ಬಳಿ ಹೋಗಲಾರ. ಊರಿಗೆ ಕಳುಹಿಸುವ ಹಣ ಒಂದು ತಿಂಗಳು ತಪ್ಪಿದರೆ ತಂಗಿಯ ಶಾಲೆಯ ಶುಲ್ಕವೂ ತಪ್ಪುತ್ತದೆ. ವ್ಯಾಜ್ಯದ ವಿಷಯದಲ್ಲಿ ನಮ್ಮ ಹಿರಿಯರು ಹೇಳುತ್ತಿದ್ದ ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಲೀಗುಗಳಿಗೆ ಬೇರೆ ದಾರಿಯಿಲ್ಲವೇ?

ಪಂತದ ಹಣವಿಲ್ಲದೆ ಆಧುನಿಕ ಕ್ರೀಡೆ ಬದುಕಲಾರದು ಎಂಬ ವಾದವಿದೆ. ಅದಕ್ಕೆ ಏಷ್ಯಾ ಕಪ್ ನಡೆಯುತ್ತಿದ್ದ ದಿನಗಳಲ್ಲಿಯೇ ಉತ್ತರ ದೊರೆಯಿತು: ಟೈರು ತಯಾರಿಸುವ ಅಪೊಲೊ ಸಂಸ್ಥೆ 2028ರ ಮಾರ್ಚ್‌ವರೆಗೆ ಸುಮಾರು 579 ಕೋಟಿ ರೂಪಾಯಿ ಕೊಟ್ಟು ಅದೇ ಅಂಗಿಯ ಸ್ಥಳವನ್ನು ಪಡೆಯಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳೂ 2025–26ರ ಋತು ಮುಗಿದ ಮೇಲೆ ಅಂಗಿಯ ಮುಂಭಾಗದಲ್ಲಿ ಜೂಜಿನ ಜಾಹೀರಾತು ಬೇಡವೆಂದು 2023ರಲ್ಲಿಯೇ ಒಪ್ಪಿದವು.

ನಿಷೇಧವೊಂದೇ ಮದ್ದು ಎಂದು ನಾನು ಹೇಳಲಾರೆ. ನಿಷೇಧವಿದ್ದ ಕಾಲದಲ್ಲಿಯೇ ಬುಕ್ಕಿಗಳು ಕೊಬ್ಬಿದ್ದರು. ಪರವಾನಗಿಯ ವ್ಯವಸ್ಥೆಯಲ್ಲಿ ಲೆಕ್ಕವಾದರೂ ಇರುತ್ತದೆ, ವಯಸ್ಸಿನ ತಪಾಸಣೆಯಾದರೂ ಇರುತ್ತದೆ. ಆದರೆ ನಿಯಂತ್ರಿಸುವುದು ಬೇರೆ, ಪಾಲುದಾರರಾಗುವುದು ಬೇರೆ. ಪಂತದಿಂದ ಲಾಭ ಪಡೆಯುವ ಲೀಗು ಪಂತದ ಮೋಸವನ್ನು ಪತ್ತೆಹಚ್ಚುವ ನ್ಯಾಯಾಧೀಶನ ಪೀಠದಲ್ಲಿ ಕೂರಬಾರದು.

ರಜಾದಿನಗಳಲ್ಲಿ ಇಲ್ಲಿನ ಮರಳು ಮೈದಾನಗಳಲ್ಲಿ ಪಂದ್ಯಾವಳಿ ಏರ್ಪಡಿಸುವ ನಮ್ಮ ಕನ್ನಡ ಬಳಗಗಳು ಪ್ರಾಯೋಜಕರನ್ನು ಆರಿಸುವಾಗ ಈ ಎಚ್ಚರವನ್ನು ಪಾಲಿಸಬಹುದು. ಜೊತೆಗಾರನೊಬ್ಬ ಪದೇ ಪದೇ ಕೈಸಾಲ ಕೇಳುತ್ತಿದ್ದರೆ, ಪಂದ್ಯದ ರಾತ್ರಿ ಮೊಬೈಲಿನಿಂದ ಕಣ್ಣು ಕೀಳದಿದ್ದರೆ, ಹಣ ಕೊಡುವ ಮೊದಲು ಪಕ್ಕದಲ್ಲಿ ಕುಳಿತು ಮಾತನಾಡಿಸಿ. ಸಾಲ ತೀರಿಸಿಕೊಟ್ಟರೆ ಚಟ ತೀರುವುದಿಲ್ಲ, ಚಿಕಿತ್ಸೆಯಿಂದ ತೀರುವುದುಂಟು. ವ್ಯಸನಗಳ ಚಿಕಿತ್ಸೆಗೆಂದೇ 2002ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪುನರ್ವಸತಿ ಕೇಂದ್ರ ಅಬುಧಾಬಿಯಲ್ಲಿದೆ. ಊರಿನಲ್ಲಿರುವ ಮನೆಯವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ವಿಭಾಗವೇ ಇದೆ. ರಜೆಗೆ ಊರಿಗೆ ಹೋದಾಗ ಅಲ್ಲಿ ಒಂದು ದಿನ ಕಳೆದು ಬರುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.