ಊಟ ಯಾವಾಗ ಹಾಕಿಸ್ತೀಯಮ್ಮ?



ಸಂಘದ ಯಾವ ಸಮಾರಂಭಕ್ಕೆ ಹೋದರೂ ನನ್ನ ಮಗಳಿಗೆ ಎದುರಾಗುವ ಪ್ರಶ್ನೆ ಒಂದೇ: "ಊಟ ಯಾವಾಗ ಹಾಕಿಸ್ತೀಯಮ್ಮ?" ಅವಳು ನಕ್ಕು ಸುಮ್ಮನಾಗುತ್ತಾಳೆ. ಮನೆಗೆ ಬಂದ ಮೇಲೆ ಸಿಡುಕೆಲ್ಲ ನನ್ನ ಮೇಲೆ. "ಇದೆಲ್ಲ ನಮ್ಮವರಲ್ಲಿ ಮಾತ್ರ" ಎನ್ನುತ್ತಾಳೆ. ನಿಮ್ಮಲ್ಲೂ ಅನೇಕರು ಹಾಗೆಯೇ ಅಂದುಕೊಂಡಿರಬಹುದು. ಅದಕ್ಕಾಗಿ ದೂರದ ಒಂದು ಸಮುದಾಯದ ವಿಷಯ ಹೇಳುತ್ತೇನೆ, ಕೇಳಿ.

ಮೆನ್ನೊನೈಟರು ಕ್ರೈಸ್ತರಲ್ಲಿ ಒಂದು ಪಂಗಡ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಹುಟ್ಟಿದ ಚಳವಳಿಯಿಂದ ಬಂದವರು. ಹೆಸರು ಬಂದದ್ದು ಡಚ್ ಗುರು ಮೆನ್ನೊ ಸೈಮನ್ಸ್‌ನಿಂದ. ಹಸುಗೂಸಿಗೆ ದೀಕ್ಷಾಸ್ನಾನ ಬೇಡ, ಬುದ್ಧಿ ಬಂದ ಮೇಲೆ ತಾನೇ ಯೋಚಿಸಿ 'ಹೌದು' ಎನ್ನಬೇಕು ಎಂಬುದು ಅವರ ಮುಖ್ಯ ತತ್ತ್ವ. ಇದಕ್ಕಾಗಿ ಎಷ್ಟೋ ಜನ ಪ್ರಾಣ ತೆತ್ತರು.

ಅವರಲ್ಲೊಬ್ಬಳು ಎಲಿಸಬೆತ್ ಡಿರ್ಕ್ಸ್. ಸಂನ್ಯಾಸಿನಿಯರ ಮಠ ಬಿಟ್ಟು ಬಂದು ಉಪದೇಶ ಮಾಡುತ್ತಿದ್ದವಳು. 1549ರಲ್ಲಿ ಹಿಡಿಯಲು ಬಂದವರು ಅವಳನ್ನು ಕೇಳಿದ್ದೇನು ಗೊತ್ತೇ? ನಿನ್ನ ಗಂಡ ಮೆನ್ನೊ ಎಲ್ಲಿ ಎಂದು! ಅವಳು ಮೆನ್ನೊನ ಹೆಂಡತಿಯೇ ಅಲ್ಲ. ಹೆಣ್ಣೊಬ್ಬಳು ಧೈರ್ಯವಾಗಿ ನಿಂತರೆ ಹಿಂದೆ ಗಂಡನೊಬ್ಬ ಇರಲೇಬೇಕೆಂಬ ಲೆಕ್ಕ ಅವರದು. ಬೆರಳುಗಳನ್ನು ತಿರುಪಿನಲ್ಲಿ ಹಿಂಡಿದರೂ ಶಿಷ್ಯರ ಹೆಸರು ಬಿಟ್ಟುಕೊಡಲಿಲ್ಲ. ಕೊನೆಗೆ ನೀರಿನಲ್ಲಿ ಮುಳುಗಿಸಿ ಕೊಂದರು.

ವಿಪರ್ಯಾಸ ನೋಡಿ. ಮೆಕ್ಸಿಕೊ, ಬೊಲಿವಿಯಾಗಳಲ್ಲಿರುವ ಅವರ ಸಂಪ್ರದಾಯಸ್ಥ ಕಾಲೊನಿಗಳಲ್ಲಿ ಹುಡುಗಿಯರು ಬೇಗ ಶಾಲೆ ಬಿಡುತ್ತಾರೆ. ಮದುವೆ ಪಂಗಡದೊಳಗೇ ಆಗಬೇಕು. ದೀಕ್ಷೆಯಾಗದೆ ಮದುವೆಯಿಲ್ಲ. ಹಾಗಾಗಿ ಮದುವೆಗೋಸ್ಕರವೇ ದೀಕ್ಷೆ ಪಡೆಯುವವರೂ ಇದ್ದಾರೆ. ಸ್ವಂತ ಮನಸ್ಸಿನ 'ಹೌದು' ಊರವರ 'ಹೌದು' ಆಗಿಬಿಟ್ಟಿತು. ಕೆನಡಾದ ಮೆನ್ನೊನೈಟ್ ಊರಲ್ಲಿ ಹುಟ್ಟಿ ಬೆಳೆದ ಮಿರಿಯಮ್ ಟೇವ್ಸ್ 2011ರ 'ಇರ್ಮಾ ವೋತ್' ಕಾದಂಬರಿಯಲ್ಲಿ ಇಂಥ ಒಬ್ಬ ಹುಡುಗಿಯ ಕಥೆ ಬರೆದಿದ್ದಾರೆ. ಹೊರಗಿನವನನ್ನು ಮದುವೆಯಾದ ಮಗಳನ್ನು ಅಪ್ಪ ದೂರ ಮಾಡುತ್ತಾನೆ. ನಮ್ಮ ಕಡೆಯ ಕಥೆಯಂತೆಯೇ ಇಲ್ಲವೇ?

ಎಲ್ಲ ಮೆನ್ನೊನೈಟರೂ ಹೀಗಲ್ಲ. 1911ರಷ್ಟು ಹಿಂದೆಯೇ ಫಿಲಡೆಲ್ಫಿಯಾದಲ್ಲಿ ಆನ್ ಆಲೆಬಾಕ್ ಎಂಬಾಕೆ ಪಾದ್ರಿಯ ದೀಕ್ಷೆ ಪಡೆದಳು. ಇನ್ನೊಬ್ಬಳು, ಆನಿ ಫಂಕ್, ಅವಿವಾಹಿತೆಯಾಗಿಯೇ 1906ರಲ್ಲಿ ಅಮೆರಿಕದಿಂದ ನಮ್ಮ ದೇಶಕ್ಕೆ ಬಂದಳು. ಈಗಿನ ಛತ್ತೀಸಗಢದ ಜಾಂಜಗೀರಿನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಳು. ಮೊದಲು ಸೇರಿದವರು 17 ಮಂದಿ. 1912ರಲ್ಲಿ ಕಾಯಿಲೆ ಬಿದ್ದ ತಾಯಿಯನ್ನು ನೋಡಲೆಂದು ಮುಂಬಯಿಯಿಂದ ಹಡಗು ಹತ್ತಿದಳು. ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಮುಷ್ಕರದಿಂದಾಗಿ ಹಡಗು ಬದಲಿಸಬೇಕಾಯಿತು. ಆ ಹಡಗೇ ಟೈಟಾನಿಕ್. 38 ತುಂಬಿದ ಕೆಲವೇ ದಿನಗಳಲ್ಲಿ ನೀರುಪಾಲಾದಳು. ಶಾಲೆಗೆ ಅವಳ ಹೆಸರಿಟ್ಟರು.

ಮದುವೆ ಬೇಡ ಎಂದು ನಾನು ಹೇಳುತ್ತಿಲ್ಲ. ನಾನು ಬಿ.ಎ. ಮುಗಿಸಿದಾಗ ಎಂ.ಎ. ಓದುವ ಆಸೆಯಿತ್ತು. ಅಷ್ಟರಲ್ಲಿ ಸಂಬಂಧ ಬಂತು. 'ನಿನಗೆ ಇಷ್ಟವೇ?' ಎಂದು ಯಾರೂ ಕೇಳಲಿಲ್ಲ; ನಾನೂ ಹೇಳಲಿಲ್ಲ. ಸಂಸಾರ ಚೆನ್ನಾಗಿಯೇ ನಡೆದಿದೆ. ಆದರೆ ಆ ಕೇಳದ ಪ್ರಶ್ನೆ ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ನೀವು 'ಹೌದು' ಎನ್ನಿ, 'ಈಗ ಬೇಡ' ಎನ್ನಿ, ಆದರೆ ಮಾತು ನಿಮ್ಮದಾಗಿರಲಿ. ಅಪ್ಪ-ಅಮ್ಮನ ಮುಂದೆ ಕೂತು ಬಾಯಿಬಿಟ್ಟು ಹೇಳಿ. ಸಿಡುಕಿ ಕೋಣೆಯ ಬಾಗಿಲು ಹಾಕಿಕೊಂಡರೆ ನಮಗೆ ತಿಳಿಯುವುದು ಹೇಗೆ?

ಹೋದ ತಿಂಗಳು ಮಗಳನ್ನು ಕೇಳಿಯೇಬಿಟ್ಟೆ. "ಎರಡು ವರ್ಷ ಓದಬೇಕು ಅಮ್ಮ" ಎಂದಳು. ಈಗ ಯಾರಾದರೂ ಊಟದ ಮಾತೆತ್ತಿದರೆ ಉತ್ತರ ನನ್ನದೇ: "ಊಟಕ್ಕೇನಂತೆ, ಭಾನುವಾರ ಬನ್ನಿ, ನಾನೇ ಬಡಿಸ್ತೀನಿ!"